ಸರದಿಯ ಪಟ್ಟಿಯಲ್ಲಿ ಐದು ವರ್ಷ: ಕಿಡ್ನಿ ಕಸಿಗಾಗಿ ಮುಂಬಯಿಯಲ್ಲಿ ಕಾದ ನಮ್ಮ ಅನುಭವ

2025ರ ಸೆಪ್ಟೆಂಬರ್‌ನಲ್ಲಿ ನನ್ನ ಹೆಂಡತಿಗೆ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಕಿಡ್ನಿ ಕಸಿಯಾಯಿತು. ಅವಳ ಡಯಾಲಿಸಿಸ್ ಶುರುವಾದದ್ದು 2019ರ ಜೂನ್‌ನಲ್ಲಿ. ಕಸಿಯಾದ ಸುದ್ದಿ ಹರಡಿದ ಮೇಲೆ ಡೊಂಬಿವಲಿ, ಮುಲುಂಡ್, ಥಾಣೆ ಕಡೆಯ ನಮ್ಮವರ ಮನೆಗಳಿಂದ ಫೋನುಗಳು ಬರುತ್ತಲೇ ಇವೆ. ಅವುಗಳಲ್ಲಿ ಹೆಚ್ಚಿನವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾರ ವಶೀಲಿ ಹಿಡಿದಿರಿ?" ಯಾರ ವಶೀಲಿಯೂ ನಡೆಯಲಿಲ್ಲ, ನಡೆಯುವಂತೆಯೂ ಇರಲಿಲ್ಲ. ಆದರೆ ಪಟ್ಟಿ ನ್ಯಾಯವಾಗಿದೆ ಎಂದ ಮಾತ್ರಕ್ಕೆ ನಮಗೆ ನ್ಯಾಯ ತಾನಾಗಿಯೇ ಸಿಕ್ಕಿತು ಎಂದು ಹೇಳಲಾರೆ. ಪಟ್ಟಿಗೆ ಹೋಗುವ ಬಾಗಿಲಲ್ಲಿ ಏನಾಗುತ್ತದೆ, ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂಬುದನ್ನು ನೋಡಿಕೊಳ್ಳುವ ಹೊಣೆ ಬಹುಮಟ್ಟಿಗೆ ರೋಗಿಯ ಮನೆಯವರ ಮೇಲೆಯೇ ಬೀಳುತ್ತದೆ. ಇದು ನಮಗೆ ತಡವಾಗಿ ತಿಳಿಯಿತು. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

2019ರ ಬೇಸಿಗೆಯಲ್ಲಿ ಅವಳು ಅಣ್ಣನ ಮಗಳ ಮದುವೆಗೆಂದು ಹುಬ್ಬಳ್ಳಿಯ ತವರಿಗೆ ಹೋಗಿದ್ದಳು. ಕಾಲು ಬಾತುಕೊಂಡಿದ್ದನ್ನು ಓಡಾಟದ ದಣಿವೆಂದುಕೊಂಡಳು. ವಾಂತಿ ಶುರುವಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ, ಕಿಡ್ನಿ ಸೋತಂತೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 11 ಇತ್ತು. ವರ್ಷಗಟ್ಟಲೆ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿದ್ದ ರಕ್ತದೊತ್ತಡ ಎರಡೂ ಕಿಡ್ನಿಗಳನ್ನು ತಿಂದುಹಾಕಿತ್ತು. ಅಲ್ಲಿಯೇ ಕುತ್ತಿಗೆಗೆ ನಳಿಕೆ ಹಾಕಿ ಡಯಾಲಿಸಿಸ್ ಆರಂಭಿಸಿದರು. ಆಮೇಲೆ ಎಡಗೈಯಲ್ಲಿ ಫಿಸ್ಟುಲಾ ಮಾಡಿದರು, ಅಂದರೆ ಡಯಾಲಿಸಿಸ್‌ನ ಸೂಜಿ ಚುಚ್ಚಲೆಂದು ಎರಡು ರಕ್ತನಾಳಗಳನ್ನು ಜೋಡಿಸಿದರು. ಆ ಜಾಗದ ಮೇಲೆ ಬೆರಳಿಟ್ಟರೆ ಮುಚ್ಚಿದ ಡಬ್ಬಿಯೊಳಗೆ ದುಂಬಿ ಗುಂಯ್‌ಗುಡುವಂತೆ ರಕ್ತ ಹರಿಯುವುದು ತಿಳಿಯುತ್ತದೆ. ಆ ಸದ್ದು ನಿಂತರೆ ಫಿಸ್ಟುಲಾ ಮುಚ್ಚಿಹೋಗಿದೆ ಎಂದರ್ಥ. ದಿನವೂ ಬೆಳಿಗ್ಗೆ ಎದ್ದ ಕೂಡಲೇ ಅಲ್ಲಿ ಬೆರಳಿಟ್ಟು ನೋಡುವುದು ಅವಳಿಗೆ ದೇವರಿಗೆ ಕೈಮುಗಿಯುವುದಕ್ಕಿಂತ ಮುಂಚಿನ ಕೆಲಸವಾಯಿತು. ಆ ಏಳು ತಿಂಗಳು ಹುಬ್ಬಳ್ಳಿಯಲ್ಲಿಯೇ ಕಳೆದು 2020ರ ಜನವರಿಯಲ್ಲಿ ಡೊಂಬಿವಲಿಗೆ ಮರಳಿದಳು. ಇಲ್ಲಿಯೂ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್ ಮುಂದುವರಿಯಿತು.

ಯಾರು ಕಿಡ್ನಿ ಕೊಡುವುದು ಎಂಬ ಪ್ರಶ್ನೆ ಆಸ್ಪತ್ರೆಗಿಂತ ಮೊದಲು ಮನೆಯಲ್ಲಿ ಬಂತು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು. 2011ರ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿದ್ದಾರೆ. ಉಳಿದವರು ಕೊಡಬೇಕೆಂದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ಅವಳದು ಒ ಗುಂಪು, ನನ್ನದು ಬಿ. ಬಿ ಗುಂಪಿನ ಕಿಡ್ನಿ ಒ ಗುಂಪಿನವರಿಗೆ ಸಾಮಾನ್ಯವಾಗಿ ಆಗುವುದಿಲ್ಲ. ಗುಂಪು ಹೊಂದದಿದ್ದರೂ ಮಾಡುವ ಚಿಕಿತ್ಸೆಯೊಂದಿದೆ, ಆದರೆ ಅದರ ಹೆಚ್ಚುವರಿ ಖರ್ಚು ನಮ್ಮ ಕೈಮೀರಿತ್ತು. ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳುವ ಸ್ವಾಪ್ ಕಸಿಗೂ ವಿಚಾರಿಸಿದೆವು. ಒ ಗುಂಪಿನ ದಾನಿ ಇರುವ ಮನೆಯಲ್ಲಿ ಬಹಳ ಸಲ ಆ ದಾನಿಯೇ ನೇರವಾಗಿ ತಮ್ಮವರಿಗೆ ಕೊಟ್ಟುಬಿಡಬಹುದಾದ್ದರಿಂದ ನಮ್ಮಂಥವರಿಗೆ ಜೋಡಿ ಸಿಗುವುದು ಕಷ್ಟ ಎಂದು ವೈದ್ಯರು ಹೇಳಿದರು. ಮಗನದು ಒ ಗುಂಪು, ಆಗ ಅವನಿಗೆ ಹತ್ತೊಂಬತ್ತು. ಅವನು ಕೊಡುತ್ತೇನೆಂದು ಹಟ ಹಿಡಿದ. "ಹುಡುಗನ ಮೈಮ್ಯಾಲೆ ಕತ್ರಿ ಆಡಿಸಿ ನಾ ಬದುಕೂದು ಬ್ಯಾಡ್ರಿ" ಎಂದು ಅವಳು ಅಷ್ಟಕ್ಕೇ ಮಾತು ಮುಗಿಸಿದಳು. ಅವಳ ತಮ್ಮ ಹುಬ್ಬಳ್ಳಿಯಿಂದ ಬಂದು ಎರಡು ದಿನ ಪರೀಕ್ಷೆಗೆ ಕುಳಿತ. ಮೂರನೆಯ ದಿನ, ಇವರು ದಾನಕ್ಕೆ ಅರ್ಹರಲ್ಲ ಎಂದಷ್ಟೇ ವೈದ್ಯರು ತಿಳಿಸಿದರು. ಕಾರಣ ನಾವು ಕೇಳಲಿಲ್ಲ. ಒಳಗಿನ ಭಯವನ್ನು ಮನೆಯವರ ಮುಂದೆ ಹೇಳಲಾರದ ದಾನಿಯ ಮಾನ ಕಾಯಲು ವೈದ್ಯರು ಹೀಗೆ ಹೇಳುವುದುಂಟು ಎಂದು ನಂತರ ತಿಳಿಯಿತು. ತಮ್ಮನ ವಿಷಯದಲ್ಲಿ ಯಾವುದು ನಿಜವೆಂದು ನನಗೆ ಬೇಕಾಗಿಯೂ ಇಲ್ಲ. ಇನ್ನೊಬ್ಬರ ದೇಹದ ಮೇಲೆ ನಮಗೆ ಹಕ್ಕಿಲ್ಲ.

ಉಳಿದದ್ದು ಮಿದುಳು ನಿಷ್ಕ್ರಿಯಗೊಂಡವರ ಮನೆಯವರು ದಾನ ಮಾಡುವ ಅಂಗಕ್ಕಾಗಿ ಕಾಯುವ ದಾರಿ. ಮುಂಬಯಿ ವಲಯದಲ್ಲಿ ಈ ಹಂಚಿಕೆಯನ್ನು ನೋಡಿಕೊಳ್ಳುವುದು ಝಡ್‌ಟಿಸಿಸಿ, ಅಂದರೆ ವಲಯ ಕಸಿ ಸಮನ್ವಯ ಕೇಂದ್ರ. ಪುಣೆಗೆ ಬೇರೆ ಕೇಂದ್ರವಿದೆ. ರೋಗಿ ನೇರವಾಗಿ ಅಲ್ಲಿ ಹೆಸರು ಬರೆಸುವಂತಿಲ್ಲ. ಕಸಿಗೆ ಪರವಾನಗಿ ಇರುವ ಆಸ್ಪತ್ರೆಯ ಕೋಆರ್ಡಿನೇಟರ್ ಮೂಲಕವೇ ಹೋಗಬೇಕು. ನಾವು 2020ರ ಫೆಬ್ರವರಿಯಲ್ಲಿ ಪರೀಕ್ಷೆಗಳನ್ನು ಆರಂಭಿಸಿದೆವು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಎಲ್ಲವೂ ನಿಂತಿತು. ಹೃದಯದ ಎಕೋ, ಹಲ್ಲಿನ ತಪಾಸಣೆ, ಸ್ತ್ರೀರೋಗ ತಜ್ಞರ ಚೀಟಿ, ಹೆಪಟೈಟಿಸ್ ಮತ್ತು ಎಚ್‌ಐವಿ ವರದಿಗಳೆಲ್ಲ ಹಳೆಯವಾದವು ಎಂದು ಮತ್ತೊಮ್ಮೆ ಮಾಡಿಸಬೇಕಾಯಿತು. ಎರಡು ಸುತ್ತು ಸೇರಿ ನಮಗೆ ಸುಮಾರು 70,000 ರೂಪಾಯಿ ಆಯಿತು. ಡಿಸೆಂಬರ್‌ನಲ್ಲಿ ನೋಂದಣಿ ಸಂಖ್ಯೆ ಬಂತು. ಇದಕ್ಕೆ ನಾವು ಶುಲ್ಕವನ್ನೂ ಕಟ್ಟಿದ್ದೆವು. ಈಗ ಹೆಸರು ಬರೆಸುವವರು ಗಮನಿಸಬೇಕು: ನೋಂದಣಿಗೆ ರಾಜ್ಯಗಳು ಶುಲ್ಕ ವಸೂಲು ಮಾಡಬಾರದೆಂದು ಕೇಂದ್ರ ಸರ್ಕಾರ 2023ರಲ್ಲಿ ತಿಳಿಸಿದೆ. ಅದೇ ವರ್ಷ ವಾಸಸ್ಥಳದ ನಿರ್ಬಂಧವನ್ನೂ 65 ವರ್ಷದ ಮಿತಿಯನ್ನೂ ತೆಗೆದುಹಾಕಿದೆ. ಕರ್ನಾಟಕದ ರೋಗಿ ಮಹಾರಾಷ್ಟ್ರದಲ್ಲಿ, ಇಲ್ಲಿಯವರು ಕರ್ನಾಟಕದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಬಹುದು. ಆದರೆ ನಡುರಾತ್ರಿ ಕರೆ ಬಂದಾಗ ಕೆಲವೇ ಗಂಟೆಗಳಲ್ಲಿ ಆ ಊರು ತಲುಪಬಲ್ಲೆವೇ ಎಂದು ಮೊದಲು ಯೋಚಿಸಿ.

ನೋಂದಣಿಗೆ ಮುನ್ನ ಆಸ್ಪತ್ರೆಯ ಸಮಾಜಸೇವಾ ವಿಭಾಗದವರು ಒಂದು ಗಂಟೆ ಪ್ರಶ್ನೆ ಕೇಳಿದರು. ಮನೆಯಲ್ಲಿ ಪ್ರತ್ಯೇಕ ಕೋಣೆ ಇದೆಯೇ, ನೋಡಿಕೊಳ್ಳುವವರು ಯಾರು, ಕಸಿಯಾದ ಮೇಲೆ ಜೀವನಪೂರ್ತಿ ತೆಗೆದುಕೊಳ್ಳಬೇಕಾದ ಔಷಧದ ಖರ್ಚು ಭರಿಸಬಲ್ಲಿರಾ, ಸಂಬಳದ ಚೀಟಿ ಎಲ್ಲಿದೆ. ಔಷಧ ತಪ್ಪಿದರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುತ್ತದೆ, ಒಬ್ಬರು ದಾನ ಮಾಡಿದ ಅಂಗ ವ್ಯರ್ಥವಾಗುತ್ತದೆ. ಆದ್ದರಿಂದ ಈ ಪ್ರಶ್ನೆಗಳಿಗೆ ಕಾರಣವಿದೆ. ನಾನು ಸಹಕಾರಿ ಬ್ಯಾಂಕಿನಲ್ಲಿ ನೌಕರ, ಎರಡು ಕೋಣೆಯ ಮನೆಯಿದೆ. ನಾವು ದಾಟಿದೆವು. ನಮ್ಮ ಡಯಾಲಿಸಿಸ್ ಕೇಂದ್ರದಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕುಂದಾಪುರ ಕಡೆಯ ಒಬ್ಬ ಹೋಟೆಲ್ ಕಾರ್ಮಿಕರಿದ್ದರು. ಅವರ ಡಯಾಲಿಸಿಸ್ 2018ರಲ್ಲಿ, ಅವಳಿಗಿಂತ ಮೊದಲೇ ಶುರುವಾಗಿತ್ತು. ಆರು ಮಂದಿ ಸೇರಿ ಇರುವ ಖೋಲಿ, ಊರಿನ ರೇಷನ್ ಕಾರ್ಡ್ ಇರುವುದರಿಂದ ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಫುಲೆ ಜನಾರೋಗ್ಯ ಯೋಜನೆಯ ಉಚಿತ ಚಿಕಿತ್ಸೆಯೂ ಸಿಗದು. ಅವರನ್ನು ಯಾರೂ ಬೇಡವೆನ್ನಲಿಲ್ಲ, "ವ್ಯವಸ್ಥೆ ಮಾಡಿಕೊಂಡು ಬನ್ನಿ" ಎಂದು ಎರಡು ಕಡೆ ಕಳುಹಿಸಿದರಂತೆ. "ಪಟ್ಟಿಯಗೆ ನನ್ನ ಹೆಸ್ರೇ ಇಲ್ಲೆ, ಅಕ್ಕ" ಎಂದು ಅವರು ಹೇಳಿದ ದಿನ ನನ್ನ ಹೆಂಡತಿ ಮನೆಗೆ ಬಂದು ಊಟ ಮಾಡಲಿಲ್ಲ.

ಪಟ್ಟಿಯೊಳಗಿನ ಲೆಕ್ಕ ಹೇಗೆಂದು ನಾನು ಕೇಳಿ, ಓದಿ ತಿಳಿದುಕೊಂಡೆ. ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆಯಾದ ನೋಟೋದ ಕಿಡ್ನಿ ಹಂಚಿಕೆಯ ಮಾರ್ಗಸೂಚಿಯಲ್ಲಿ ಡಯಾಲಿಸಿಸ್‌ನ ಪ್ರತಿ ತಿಂಗಳಿಗೆ 1 ಅಂಕ. ಮಕ್ಕಳಿಗೆ ವಯಸ್ಸಿನ ಪ್ರಕಾರ ಹೆಚ್ಚುವರಿ ಅಂಕವಿದೆ. ಫಿಸ್ಟುಲಾ ಮಾಡುವ ಜಾಗಗಳೆಲ್ಲ ಮುಗಿದುಹೋದವರಿಗೂ ಅಂಕವಿದೆ. ಹಿಂದೆ ತಾವೇ ಯಾರಿಗೋ ಕಿಡ್ನಿ ಕೊಟ್ಟು ಈಗ ತಮಗೇ ಬೇಕಾದವರಿಗೆ 5 ಅಂಕ. ಒ ಗುಂಪಿನ ಕಿಡ್ನಿ ಮೊದಲು ಒ ಗುಂಪಿನವರಿಗೇ ಹೋಗುತ್ತದೆ. ಅದು ಎಲ್ಲ ಗುಂಪಿನವರಿಗೂ ಹೊಂದುವುದರಿಂದ ಈ ನಿಯಮವಿಲ್ಲದಿದ್ದರೆ ಅವಳಂಥವರಿಗೆ ಏನೂ ಉಳಿಯುತ್ತಿರಲಿಲ್ಲ. ಸಂಬಳ, ಹುದ್ದೆ, ಜಾತಿ, ಊರು ಯಾವುದಕ್ಕೂ ಅಂಕವಿಲ್ಲ. ಇಷ್ಟನ್ನು ಅರಿಯುವ ಮುನ್ನ ನಾನು ಮುಂಬಯಿಯ ಮಂತ್ರಾಲಯದಲ್ಲಿ, ಅಂದರೆ ರಾಜ್ಯ ಸರ್ಕಾರದ ಸಚಿವಾಲಯದಲ್ಲಿ ಕೆಲಸದಲ್ಲಿರುವ ಪರಿಚಯದವರ ಬಳಿ ಹೋಗಿ ಮಾತಾಡಿಸಿದ್ದೆ. ಅವರು ಫೋನ್ ಮಾಡಿ ವಿಚಾರಿಸಿ, ಅದು ಕೈಹಾಕುವ ಜಾಗವಲ್ಲ ಎಂದು ನನ್ನನ್ನು ಕಳುಹಿಸಿದರು. ಅವರ ಮಾತು ನಡೆದಿದ್ದರೆ ನಮಗಿಂತ ಮುಂದಿದ್ದ ಯಾರೋ ಒಬ್ಬರನ್ನು ನಾನು ಹಿಂದೆ ತಳ್ಳಿದಂತಾಗುತ್ತಿತ್ತು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಒಂದು ನಿಯಮ ನನಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ದಾನ ನಡೆದ ಆಸ್ಪತ್ರೆಗೆ ಕಸಿಯ ಪರವಾನಗಿ ಇದ್ದರೆ ಎರಡು ಕಿಡ್ನಿಗಳಲ್ಲಿ ಒಂದು ಅಲ್ಲಿಯ ರೋಗಿಗೆ, ಇನ್ನೊಂದು ನಗರದ ಸಾಮಾನ್ಯ ಪಟ್ಟಿಗೆ. ಮಿದುಳು ನಿಷ್ಕ್ರಿಯವೆಂದು ಘೋಷಿಸಲು ನಾಲ್ವರು ವೈದ್ಯರು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ಆ ಹೊತ್ತೆಲ್ಲ ದೇಹವನ್ನು ಕಾಪಾಡಬೇಕು. ದುಃಖದಲ್ಲಿರುವ ಮನೆಯವರೊಡನೆ ಮಾತಾಡಬೇಕು. ಇಷ್ಟು ಶ್ರಮಪಡುವ ಆಸ್ಪತ್ರೆಗೆ ಪ್ರೋತ್ಸಾಹ ಇಲ್ಲದಿದ್ದರೆ ದಾನಗಳೇ ಕಡಿಮೆಯಾದಾವು ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೂ ದಾನ ಹೆಚ್ಚು ನಡೆಯುವ ಆಸ್ಪತ್ರೆಯಲ್ಲಿ ಹೆಸರಿದ್ದವರಿಗೆ ಎರಡು ಬಾಗಿಲು, ಉಳಿದವರಿಗೆ ಒಂದೇ ಬಾಗಿಲು. ಹೆಸರು ಬರೆಸುವ ಮುನ್ನ ಕೋಆರ್ಡಿನೇಟರ್ ಬಳಿ, ಈ ಆಸ್ಪತ್ರೆಯಲ್ಲಿ ಕಳೆದ ವರ್ಷ ಎಷ್ಟು ದಾನಗಳು ನಡೆದವು, ನಮ್ಮ ರಕ್ತದ ಗುಂಪಿನವರು ಎಷ್ಟು ಮಂದಿ ಕಾಯುತ್ತಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ. ನಾವು ಮನೆಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಆಸ್ಪತ್ರೆ ಆರಿಸಿದ್ದೆವು.

2022ರಲ್ಲಿ ಹೊಸದಾಗಿ ಬಂದ ಕೋಆರ್ಡಿನೇಟರ್ ಒಬ್ಬರು ಎಲ್ಲ ರೋಗಿಗಳ ವಿವರವನ್ನು ಮುದ್ರಿಸಿ ಸಹಿಗೆ ಕೊಟ್ಟರು. ಡಯಾಲಿಸಿಸ್ ಆರಂಭವಾದ ದಿನಾಂಕದ ಮುಂದೆ 2020ರ ಜನವರಿ ಎಂದಿತ್ತು. ಹುಬ್ಬಳ್ಳಿಯ ಏಳು ತಿಂಗಳು ಅಲ್ಲಿರಲೇ ಇಲ್ಲ. ಏಳು ತಿಂಗಳೆಂದರೆ ಏಳು ಅಂಕ, ಏಳು ಅಂಕವೆಂದರೆ ಎಷ್ಟೋ ಮಂದಿ ನಮಗಿಂತ ಮುಂದೆ. ದಾಖಲೆ ತನ್ನಿ, ತಿದ್ದುತ್ತೇವೆ ಎಂದರು. ಹುಬ್ಬಳ್ಳಿಗೆ ಹೋದರೆ ಹಳೆಯ ಕಡತಗಳು ಬೇರೆ ಕಟ್ಟಡದಲ್ಲಿವೆ ಎಂದರು. ಎರಡು ದಿನ ಕಾದ ಮೇಲೆ ಡಯಾಲಿಸಿಸ್ ರಿಜಿಸ್ಟರ್ ಸಿಕ್ಕಿತು. ಅಂಚು ಮಡಿಸಿಹೋದ ಉದ್ದನೆಯ ಪುಸ್ತಕದಲ್ಲಿ, ಹಸಿರು ಶಾಯಿಯಲ್ಲಿ, ಜೂನ್ ತಿಂಗಳ ಪುಟದಲ್ಲಿ ಅವಳ ಹೆಸರಿತ್ತು. ಆದರೆ ಅದು ತವರಿನ ಹೆಸರು: ಮುಂದೆ ತಂದೆಯ ಇನಿಷಿಯಲ್, ಕೊನೆಗೆ ತವರಿನ ಅಡ್ಡಹೆಸರು. ಮುಂಬಯಿಯ ಆಧಾರ್‌ನಲ್ಲಿ ಇಲ್ಲಿಯ ಪದ್ಧತಿಯಂತೆ ಅವಳ ಹೆಸರು, ನನ್ನ ಹೆಸರು, ನಮ್ಮ ಅಡ್ಡಹೆಸರು. ಇಬ್ಬರೂ ಒಬ್ಬರೇ ಎಂದು ತೋರಿಸಲು ಮದುವೆ ನೋಂದಣಿ ಪತ್ರ, ನೋಟರಿಯ ಮುಂದೆ ಮಾಡಿಸಿದ ಪ್ರಮಾಣಪತ್ರ, ಹುಬ್ಬಳ್ಳಿಯ ವೈದ್ಯರ ಲೆಟರ್‌ಹೆಡ್‌ನಲ್ಲಿ ಪತ್ರ ಎಲ್ಲವೂ ಬೇಕಾದವು. ಮೂರು ತಿಂಗಳು ಹಿಡಿಯಿತು. ನಮ್ಮ ಕಡೆಯಿಂದ ಬಂದು ಮಹಾರಾಷ್ಟ್ರದಲ್ಲಿ ನೆಲೆಸಿರುವ ಹೆಣ್ಣುಮಕ್ಕಳಿಗೆ ಈ ತೊಡಕು ಎದುರಾಗುವುದು ಬಹುತೇಕ ಖಚಿತ. ಮೊದಲ ಡಯಾಲಿಸಿಸ್‌ನ ಚೀಟಿಯನ್ನು ಯಾವ ಕಾರಣಕ್ಕೂ ಎಸೆಯಬೇಡಿ.

ಮರುವರ್ಷ ಇನ್ನೊಂದು ಪೆಟ್ಟು ಬಿತ್ತು. ಅವಳಿಗೆ ನ್ಯುಮೋನಿಯಾ ಆಗಿ ಹತ್ತು ದಿನ ದಾಖಲಾಗಿದ್ದಾಗ ಆಸ್ಪತ್ರೆ ಅವಳನ್ನು ಪಟ್ಟಿಯಲ್ಲಿ ತಾತ್ಕಾಲಿಕವಾಗಿ ಅನ್‌ಫಿಟ್ ಎಂದು ಗುರುತಿಸಿತು. ಅದು ಸರಿ, ಸೋಂಕಿರುವಾಗ ಕಸಿ ಮಾಡುವಂತಿಲ್ಲ. ಗುಣವಾದ ಮೇಲೆ ಮತ್ತೆ ಫಿಟ್ ಎಂದು ಬದಲಿಸುವುದನ್ನು ಮರೆತರು. ಕೋಆರ್ಡಿನೇಟರ್ ಆ ವೇಳೆಗೆ ಕೆಲಸ ಬಿಟ್ಟಿದ್ದರು, ಬಂದ ಹೊಸಬರಿಗೆ ಯಾರೂ ಹೇಳಿರಲಿಲ್ಲ. ನಾವು ದಿಂಬಿನ ಪಕ್ಕದಲ್ಲಿ ಫೋನಿಟ್ಟುಕೊಂಡು ಮಲಗಿದ ಆ ಒಂಬತ್ತು ವಾರಗಳಲ್ಲಿ ನಮಗೆ ಕರೆ ಬರುವ ಸಾಧ್ಯತೆಯೇ ಇರಲಿಲ್ಲ. ತಿಳಿದ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಅಲ್ಲಿಂದ ಮುಂದೆ ಪ್ರತಿ ತಿಂಗಳ ಮೊದಲ ಸೋಮವಾರ ಕೋಆರ್ಡಿನೇಟರ್‌ಗೆ ಇಮೇಲ್ ಬರೆದು, ಹೆಸರು ಸಕ್ರಿಯವಾಗಿದೆಯೇ, ಡಯಾಲಿಸಿಸ್ ದಿನಾಂಕ ಸರಿಯಿದೆಯೇ, ಫೋನ್ ಸಂಖ್ಯೆಗಳು ಯಾವುವಿವೆ ಎಂದು ಕೇಳಿ ಉತ್ತರವನ್ನು ಕಡತದಲ್ಲಿಟ್ಟೆ. ಕಿರಿಕಿರಿ ಮಾಡುತ್ತೇನೆಂದು ಅವರಿಗೆ ಅನಿಸಿರಬಹುದು.

ಈ ನಡುವೆ ಡಯಾಲಿಸಿಸ್ ಕೇಂದ್ರದ ಕೆಳಗಿನ ಚಹಾ ಅಂಗಡಿಯಲ್ಲಿ ಒಬ್ಬ ಮನುಷ್ಯ ಪರಿಚಯ ಮಾಡಿಕೊಂಡ. 25 ಲಕ್ಷ ಕೊಟ್ಟರೆ ದಾನಿಯೂ ಸಂಬಂಧದ ಕಾಗದಪತ್ರವೂ ತಾನೇ ಸಿದ್ಧಮಾಡುವುದಾಗಿ ಹೇಳಿದ. ಅಂಗದ ಮಾರಾಟಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ. ಆದರೆ ಶಿಕ್ಷೆಗೆ ಹೆದರಿ ನಾವು ಬೇಡವೆಂದದ್ದಲ್ಲ. "ಸಾಲಾ ತೀರಿಸಾಕ ಮೈ ಮಾರಿದವರದು ನನ್ನ ಹೊಟ್ಟ್ಯಾಗ ಹೆಂಗ ಇಟ್ಕೊಳ್ಳಿ" ಎಂದು ಅವಳು ಕೇಳಿದಳು.

ಮೊದಲ ಕರೆ 2024ರ ಫೆಬ್ರವರಿಯಲ್ಲಿ ರಾತ್ರಿ ಹನ್ನೊಂದೂವರೆಗೆ ಬಂತು. ಟ್ಯಾಕ್ಸಿ ಹಿಡಿದು ಹೋದೆವು. ಒಂದು ಕಿಡ್ನಿಗೆ ನಾಲ್ವರನ್ನು ಕರೆದಿದ್ದರು, ಅವಳು ಮೂರನೆಯವಳು. ಎಲ್ಲರ ರಕ್ತವನ್ನೂ ದಾನಿಯ ರಕ್ತದೊಡನೆ ಕ್ರಾಸ್‌ಮ್ಯಾಚ್ ಮಾಡುತ್ತಾರೆ. ಮುಂದಿರುವವರಿಗೆ ಹೊಂದದಿದ್ದರೆ ಹಿಂದಿನವರಿಗೆ ಅವಕಾಶ. ಹೀಗೆ ಕಾಯ್ದಿರಿಸಿದವರಾಗಿ ಕರೆಯುತ್ತಾರೆಂದು ನಮಗೆ ಮೊದಲೇ ಗೊತ್ತಿರಲಿಲ್ಲ, ಕಸಿಯಾಗಿಯೇ ಬಿಟ್ಟಿತೆಂದು ಮಗ ಹುಬ್ಬಳ್ಳಿಗೂ ಫೋನ್ ಮಾಡಿದ್ದ. ವರದಿ ಬರುವಷ್ಟರಲ್ಲಿ ಬೆಳಗಾಯಿತು. ಮೊದಲನೆಯ ಹುಡುಗನಿಗೆ ಹೊಂದಿತು. ಅವನ ತಾಯಿ ಎದುರಿನ ಬೆಂಚಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದರು, ನಮ್ಮತ್ತ ನೋಡಲು ಅವರಿಗೆ ಕಷ್ಟವಾಗುತ್ತಿತ್ತು. ನನ್ನ ಹೆಂಡತಿ ಎದ್ದುಹೋಗಿ ಅವರ ಕೈ ಹಿಡಿದು ಬಂದಳು. ಲೋಕಲ್‌ನಲ್ಲಿ ಡೊಂಬಿವಲಿಗೆ ಬರುವವರೆಗೂ ನಾವಿಬ್ಬರೂ ಮಾತಾಡಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬಂದ ಕರೆಯಲ್ಲಿ ಅವಳು ಎರಡನೆಯವಳಾಗಿದ್ದಳು. ಮೊದಲಿನವರಿಗೆ ಜ್ವರವಿತ್ತು. ಕಿಡ್ನಿ ಬೇರೊಂದು ಆಸ್ಪತ್ರೆಯಿಂದ ಸಾಮಾನ್ಯ ಪಟ್ಟಿಗೆ ಬಂದದ್ದು. ಅದರ ಹಿಂದಿನ ತಿಂಗಳಷ್ಟೇ ನೋಟೋ, ಮಹಿಳೆಯರಿಗೆ ಹಾಗೂ ಹಿಂದೆ ಅಂಗದಾನ ಮಾಡಿದವರ ಹತ್ತಿರದ ಸಂಬಂಧಿಗಳಿಗೆ ಆದ್ಯತೆ ಕೊಡಬೇಕೆಂದು ರಾಜ್ಯಗಳಿಗೆ ಸಲಹೆ ಕಳುಹಿಸಿತ್ತು. ಅದರಿಂದಲೇ ನಮಗೆ ಸಿಕ್ಕಿತೆಂದು ಕೆಲವರು ಅಂದರು. ನಮ್ಮ ಅಂಕದಲ್ಲಿ ಅದು ಸೇರಿರಲಿಲ್ಲ, ಡಯಾಲಿಸಿಸ್ ತಿಂಗಳುಗಳ ಲೆಕ್ಕವೇ ಮುಖ್ಯವಾಯಿತು ಎಂದು ಕೋಆರ್ಡಿನೇಟರ್ ತಿಳಿಸಿದರು. ಹುಬ್ಬಳ್ಳಿಯ ಆ ಏಳು ಅಂಕ ಇಲ್ಲದಿದ್ದರೆ ಅವಳು ಆ ರಾತ್ರಿ ಎರಡನೆಯ ಸ್ಥಾನದಲ್ಲಿ ಇರುತ್ತಿರಲಿಲ್ಲ.

ಆ ರಾತ್ರಿಯ ದೊಡ್ಡ ಅಡ್ಡಿ ಹಣದ್ದು. ಶಸ್ತ್ರಚಿಕಿತ್ಸೆಗೆ ಮೊದಲು 4 ಲಕ್ಷ ಕಟ್ಟಬೇಕಿತ್ತು. ನಮ್ಮ ಹಣ ಠೇವಣಿಯಲ್ಲಿತ್ತು, ಕಾರ್ಡಿನ ದಿನದ ಮಿತಿ ಕಡಿಮೆಯಿತ್ತು. ಬೆಳಗಿನ ಜಾವ ಮೂರು ಗಂಟೆಗೆ ಮೂವರು ಸಹೋದ್ಯೋಗಿಗಳನ್ನು ಎಬ್ಬಿಸಿ ಹಣ ಹಾಕಿಸಿದೆ. ಬ್ಯಾಂಕಿನಲ್ಲಿರುವ ನನಗೇ ಹೀಗಾದರೆ ಉಳಿದವರ ಗತಿಯೇನು? ಸರದಿಯಲ್ಲಿರುವವರು ಆಸ್ಪತ್ರೆಗೆ ಮೊದಲು ಕಟ್ಟಬೇಕಾದ ಹಣವನ್ನು ಉಳಿತಾಯ ಖಾತೆಯಲ್ಲಿಟ್ಟು ವರ್ಗಾವಣೆಯ ಮಿತಿಯನ್ನು ಮೊದಲೇ ಏರಿಸಿಕೊಂಡಿರಿ. ಒಟ್ಟು ಖರ್ಚು ಸುಮಾರು 9 ಲಕ್ಷ ಆಯಿತು. ಅದರಲ್ಲಿ ವಿಮೆ ಮೂರು ಲಕ್ಷ ಕೊಟ್ಟಿತು. ಮಹಾರಾಷ್ಟ್ರದ ಧರ್ಮಾದಾಯ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ, ಇನ್ನು ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ಮೀಸಲಿಡಬೇಕು. ಆದಾಯದ ದಾಖಲೆಯನ್ನು ತಹಸೀಲ್ದಾರ್ ಕಚೇರಿಯಿಂದ ಮುಂಚಿತವಾಗಿಯೇ ಮಾಡಿಸಿಟ್ಟುಕೊಂಡರೆ ಇದನ್ನು ಕೇಳಿ ಪಡೆಯಬಹುದು. ಈಗ ತಿಂಗಳಿಗೆ ಔಷಧಕ್ಕೆ ಸುಮಾರು 14,000 ರೂಪಾಯಿ ಆಗುತ್ತಿದೆ.

ದಾನಿ ಯಾರೆಂದು ನಮಗೆ ಹೇಳಲಿಲ್ಲ, ಹೇಳುವ ಪದ್ಧತಿಯೂ ಇಲ್ಲ. ಯಾರದೋ ಮನೆಯವರು ಆ ದಿನ ಸಹಿ ಹಾಕಿದರು ಎಂಬುದಷ್ಟೇ ಗೊತ್ತು. ಡಯಾಲಿಸಿಸ್‌ನ ಆರು ವರ್ಷ ಅವಳು ದಿನದ ನೀರನ್ನು ಒಂದು ಸಣ್ಣ ಸ್ಟೀಲ್ ಲೋಟದಲ್ಲಿ ಅಳೆದು ಕುಡಿದಿದ್ದಳು. ಕಸಿಯ ನಂತರ ದಿನಕ್ಕೆ ಮೂರು ಲೀಟರ್ ಕುಡಿಯಿರಿ ಎಂದು ನರ್ಸ್ ಬಾಟಲಿ ಇಟ್ಟಾಗ, ಅವಳು ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನನ್ನ ಮುಖ ನೋಡಿದಳು.

ನಾವು ಮನೆಗೆ ಬಂದ ಮೇಲೆ ಅವಳು ಮೊದಲು ಎತ್ತಿಕೊಂಡ ಕೆಲಸ ಆ ಕುಂದಾಪುರದವರದು. ಇಲ್ಲಿಯ ನಮ್ಮವರ ಸಂಘದವರು ಕಲ್ಯಾಣದಲ್ಲಿ ಆರು ತಿಂಗಳ ಬಾಡಿಗೆಗೆ ಒಂದು ಕೋಣೆ ಗೊತ್ತುಮಾಡಿದ್ದಾರೆ. ಅವರ ತಂಗಿ ಊರಿಂದ ಬಂದು, ನಾನು ನೋಡಿಕೊಳ್ಳುತ್ತೇನೆಂದು ಸಹಿ ಹಾಕಿದ್ದಾರೆ. ಖಾಸಗಿ ಆಸ್ಪತ್ರೆಯ ಬದಲು ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ ಪರೀಕ್ಷೆಗಳು ನಡೆದು ಕಳೆದ ತಿಂಗಳು ನೋಂದಣಿಯಾಯಿತು. ನಮೂನೆ ತುಂಬುವ ದಿನ ನಾನು ಜೊತೆಗಿದ್ದೆ. ಡಯಾಲಿಸಿಸ್ ಯಾವಾಗ ಶುರುವಾಯಿತು, ಆಧಾರವಿದೆಯೇ ಎಂದು ಮೇಜಿನ ಆಚೆಯವರು ಕೇಳಿದರು. ಕುಂದಾಪುರದವರು ಅಂಗಿಯ ಒಳಜೇಬಿನಿಂದ ಹಾಲಿನ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಬಿಚ್ಚಿ, ಮಡಿಕೆಗಳಲ್ಲಿ ಸವೆದುಹೋದ 2018ರ ಚೀಟಿಯನ್ನು ಮೇಜಿನ ಮೇಲೆ ಹರಡಿ, ಅಕ್ಷರ ಕಾಣುವಂತೆ ಎರಡೂ ಕೈಗಳಿಂದ ಒತ್ತಿ ಹಿಡಿದರು.